ಜೋಳಿಗೆಗೆ ಬಿದ್ದ ಫೋನು

ನನ್ನ ಗಂಡ ತನ್ನ ಸ್ಮಾರ್ಟ್‌ಫೋನನ್ನು ಸ್ವಾಮಿಗಳ ಜೋಳಿಗೆಗೆ ಹಾಕಿದ ದಿನ ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಬಾಗಿಲಲ್ಲಿ ನಿಂತು, ಇದು ಯಾತಕ್ಕೆ ಎಂದು ತಲೆ ಕೆರೆದುಕೊಳ್ಳುತ್ತಿದ್ದೆ.

ಬೈಲಹೊಂಗಲದ ನಮ್ಮ ಓಣಿಗೆ ಶ್ರಾವಣದಲ್ಲಿ ಒಂದು ದಿನ ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಬರುತ್ತಾರೆ. ಅವರು ಕಾಳುಕಡಿ ಕೇಳುವುದಿಲ್ಲ, ದಕ್ಷಿಣೆ ಕೇಳುವುದಿಲ್ಲ. ಚಟ ಕೇಳುತ್ತಾರೆ. ಮನೆಯ ಮುಂದೆ ಬಂದು ಜೋಳಿಗೆ ಚಾಚಿದರೆ, ತಂಬಾಕು ತಿನ್ನುವವರು ತಂಬಾಕಿನ ಚೀಟು, ಗುಟ್ಕಾ ತಿನ್ನುವವರು ಗುಟ್ಕಾದ ಸರ, ಮುದುಕಿಯರು ಮೂಗಿಗೇರಿಸುವ ತಪಕೀರಿನ ಡಬ್ಬಿ ಹಾಕಿ, ಇನ್ನು ಮುಟ್ಟುವುದಿಲ್ಲ ಎಂದು ಕಾಲಿಗೆ ಬೀಳುತ್ತಾರೆ. ಸಂಜೆ ಅದನ್ನೆಲ್ಲ ಊರ ಹೊರಗೆ ಒಯ್ದು ಸುಡುತ್ತಾರೆ. ಕೆಲವರು ವರ್ಷ ವರ್ಷವೂ ಅದೇ ಚಟವನ್ನು ಹೊಸದಾಗಿ ಹಾಕುತ್ತಾರೆ, ಆ ಮಾತು ಬೇರೆ.

ನನ್ನ ಗಂಡನಿಗೆ ಎಲೆ ಅಡಿಕೆಯೂ ಇಲ್ಲ. ಮಾರ್ಕೆಟ್ಟಿನಲ್ಲಿ ಬೀಜ ಮತ್ತು ಕೀಟನಾಶಕದ ಅಂಗಡಿ ಇಟ್ಟುಕೊಂಡಿರುವ, ಮಾತು ಕಡಿಮೆಯ ಮನುಷ್ಯ. ಅತ್ತೆ ಆ ದಿನ ಕಟ್ಟೆಯ ಮೇಲೆ ನಿಂತು, "ನನ್ನ ಮಗಾ ಏನ ಹಾಕಬೇಕ್ರಿ? ಚಾ ಬಿಟ್ರ ಅವಗ ಏನೂ ಗೊತ್ತಿಲ್ಲ" ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದರು. ಅಷ್ಟರಲ್ಲಿ ಅವರ ಮಗ ಕಿಸೆಯಿಂದ ಫೋನು ತೆಗೆದು ಜೋಳಿಗೆಗೆ ಇಳಿಬಿಟ್ಟ.

"ಇದೇನಪಾ?" ಎಂದರು ಸ್ವಾಮಿಗಳು.

"ಇದ ನನ್ನ ಚಟಾ ರಿ, ಅಜ್ಜಾರ."

ಸ್ವಾಮಿಗಳು ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಹೊರಳಿಸಿ ನೋಡಿದರು. "ಇದನ್ನ ಸುಡಾಕ ಬರೂದಿಲ್ಲಲೊ. ಮಠದಾಗ ಇಟ್ಟಿರತೇವಿ" ಎಂದು ಮುಂದಿನ ಮನೆಗೆ ಹೋದರು.

ಸಂಜೆಯೊಳಗೆ ಓಣಿಯವರು ತೀರ್ಮಾನಿಸಿಬಿಟ್ಟಿದ್ದರು, ಅದು ರಮ್ಮಿ ಎಂದು. ಮೊಬೈಲಿನಲ್ಲಿ ಇಸ್ಪೀಟು ಆಡಿ ಮನೆಮಾರು ಕಳೆದುಕೊಂಡವರ ಕಥೆಗಳು ಎಲ್ಲರ ಬಳಿಯೂ ಇದ್ದವು. ಅತ್ತೆ ಮೊದಲು ಅತ್ತರು, ಆಮೇಲೆ ಮಗ ಸ್ವಂತ ಬುದ್ಧಿಯಿಂದ ಬಿಟ್ಟನಲ್ಲ ಎಂದು ಎದೆ ಉಬ್ಬಿಸಿದರು. ಯಾವ ಚಟ ಎಂದು ಅವನನ್ನು ಕೇಳಿದವರು ಒಬ್ಬರೂ ಇಲ್ಲ.

ಕೇಳುವುದು ನನ್ನ ಹುಟ್ಟುಗುಣ. ನನ್ನ ತವರು ರಾಮದುರ್ಗ ತಾಲೂಕಿನ ಕಟಕೋಳ. ಅಲ್ಲಿ ಅಪ್ಪ ಹೊಲಕ್ಕೆ ಹೋಗುವಾಗ ನನ್ನನ್ನು ಕರೆದೊಯ್ಯುತ್ತಿರಲಿಲ್ಲ. ಹೊಲ ಮುಟ್ಟುವಷ್ಟರಲ್ಲಿ ತನ್ನ ತಲೆ ಚಿಟ್ಟು ಹಿಡಿಯುತ್ತದೆ ಎನ್ನುತ್ತಿದ್ದ. ಈಗ ಸವದತ್ತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಪ್ರಶ್ನೆ ಕೇಳುವುದಕ್ಕೇ ಸಂಬಳ ಬರುತ್ತದೆ. ಆದರೆ ಮನೆಯಲ್ಲಿ ಒಂದು ಪ್ರಶ್ನೆಯನ್ನು ಬಹಳ ದಿನದಿಂದ ನುಂಗಿಕೊಂಡಿದ್ದೆ. ನನ್ನ ಗಂಡ ನನ್ನನ್ನು ಮುಟ್ಟುವುದನ್ನು ಬಿಟ್ಟಿದ್ದ. ಜಗಳವಿಲ್ಲ, ಬೈಗುಳವಿಲ್ಲ. ಊಟಕ್ಕೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಮಗಳ ಫೀ ಹೊತ್ತಿಗೆ ಸರಿಯಾಗಿ ಕಟ್ಟುತ್ತಿದ್ದ. ಮಗ್ಗುಲಾಗಿ ಮಲಗಿದರೆ ನನಗೆ ಕಾಣುವುದು ಅವನ ಬೆನ್ನು ಮಾತ್ರ. ಹೆರಿಗೆಯಾದ ಮೇಲೆ ದಪ್ಪಗಾದೆ, ಅದಕ್ಕೇ ಇರಬೇಕು ಎಂದುಕೊಂಡೆ. ಸವದತ್ತಿ ಬಸ್ಸಿನ ಕಿಟಕಿಯ ಗಾಜಿನಲ್ಲಿ ನನ್ನ ಗಲ್ಲವನ್ನು ನೋಡಿಕೊಳ್ಳುತ್ತ, ರಾತ್ರಿ ರೊಟ್ಟಿ ಬಿಟ್ಟು ಸೌತೆಕಾಯಿ ತಿಂದ ದಿನಗಳೂ ಇವೆ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ, ಅವನ ಮೇಲಲ್ಲ, ಆ ಸೌತೆಕಾಯಿಯ ಮೇಲೆ.

ಮುಂದಿನ ಭಾನುವಾರ ಕಿತ್ತೂರಿನಲ್ಲಿ ಬಳಗದವರ ನಿಶ್ಚಯವಿತ್ತು. ಮಗಳನ್ನು ಅತ್ತೆಯ ಬಳಿ ಬಿಟ್ಟು ಇಬ್ಬರೂ ಬೈಕಿನಲ್ಲಿ ಹೊರಟೆವು. ಊರು ದಾಟಿದ ಮೇಲೆ ಕೇಳಿದೆ.

"ಯಾವ ಆಟ ಆಡತಿದ್ರಿ?"

"ಆಟ ಅಲ್ಲ."

"ಮತ್ತ?"

ಅವನು ಒಂದು ಗೊಬ್ಬರದ ಟ್ರ್ಯಾಕ್ಟರನ್ನು ಹಿಂದೆ ಹಾಕಿದ. ಆಮೇಲೆ ತಲೆ ತಿರುಗಿಸದೆ ಹೇಳಿದ, "ಹೊಲಸ ವಿಡಿಯೋ ನೋಡತಿದ್ನಿ. ದಿನಾ. ಬಿಡಬೇಕಂದ್ರೂ ಬಿಡಾಕ ಆಗಲಿಲ್ಲ."

ನನಗೆ ಮುಖ ಕಾಣುತ್ತಿರಲಿಲ್ಲ. ಕತ್ತು ಕಾಣುತ್ತಿತ್ತು, ಕಿವಿ ಕೆಂಪಾಗಿದ್ದು ಕಾಣುತ್ತಿತ್ತು. ಗಾಡಿ ನಿಲ್ಲಿಸಲು ಹೇಳಿ ಇಳಿದು, ಸೋಯಾ ಹೊಲದ ಬದಿಗೆ ಸಿಟ್ಟಿನಿಂದ ನಡೆದುಬಿಟ್ಟೆ. ರೇಷ್ಮೆ ಸೀರೆ ಉಟ್ಟು ಹೊಲದ ದಾರಿಯಲ್ಲಿ ದುಡುದುಡು ಹೋಗುತ್ತಿದ್ದವಳನ್ನು ಎದುರಿಗೆ ಬಂದ ಎಮ್ಮೆ ಕೂಡ ನಿಂತು ನೋಡಿತು. ಅವನು ಗಾಡಿ ತಳ್ಳಿಕೊಂಡು ಹಿಂದೆ ಬರುತ್ತಿದ್ದ.

ನಾನು ತಿರುಗಿ ಕೇಳಿದ ಮೊದಲ ಪ್ರಶ್ನೆ, "ಯಾವಾಗಿಂದ?"

"ಲಗ್ನಕ್ಕಿಂತ ಮೊದಲಿಂದ. ಲಗ್ನಾದ ಮ್ಯಾಲೆ ತಾನ ಬಿಟ್ಟುಹೋಗತೇತಿ ಅಂದ್ಕೊಂಡಿದ್ನಿ. ಹೋಗಲಿಲ್ಲ."

ವಿಚಿತ್ರವೆಂದರೆ, ಆ ಮಾತಿಗೆ ನನ್ನೊಳಗೆ ಏನೋ ಹಗುರಾಯಿತು. ಹಾಗಾದರೆ ಇದು ನನ್ನ ಗಲ್ಲದಿಂದ ಶುರುವಾದದ್ದಲ್ಲ. ಆ ಹಗುರದ ಬೆನ್ನಿಗೇ ಇನ್ನಷ್ಟು ಸಿಟ್ಟು ಬಂತು. ಗೊತ್ತಿದ್ದೂ ನನ್ನನ್ನು ಕಟ್ಟಿಕೊಂಡನಲ್ಲ. ಕಿತ್ತೂರಿನಲ್ಲಿ ಇಬ್ಬರೂ ನಗುತ್ತ ಹೋಳಿಗೆ ಉಂಡು, ಎಲ್ಲರ ಜೊತೆ ಫೋಟೋ ತೆಗೆಸಿಕೊಂಡು ಬಂದೆವು. ಮನೆ ಹತ್ತಿರ ಬಂದಾಗ ಇಷ್ಟು ಹೇಳಿದೆ: ಫೋನು ಹೋಯಿತು, ಅದೂ ಹೋಯಿತು ಎಂದು ತಿಳಿಯುತ್ತೇನೆ. ಮತ್ತೆ ಸುಳ್ಳು ಸಿಕ್ಕರೆ ನಾನಿಲ್ಲಿ ಇರುವುದಿಲ್ಲ.

ನಮ್ಮ ಕಡೆ ಮಾಸ್ತರಿಕೆ ಮಾಡುವ ಹೆಂಗಸಿಗೆ ಗಂಡನ ಮನೆಯನ್ನು ಮರ್ಯಾದೆಯಿಂದ ಬಿಡುವ ಒಂದು ದಾರಿ ಇದೆ. ಅದು ವರ್ಗಾವಣೆ. ಕಟಕೋಳದ ಹತ್ತಿರದ ಶಾಲೆಗೆ ವರ್ಗ ಕೇಳಿಕೊಂಡರೆ, ತವರಿನಲ್ಲಿ ಅನುಕೂಲ ಎಂದು ಊರು ತಾನೇ ಕಾರಣ ಕಟ್ಟಿಕೊಡುತ್ತದೆ. ಪಂಚಾಯಿತಿ ಇಲ್ಲ, ರಂಪವಿಲ್ಲ. ಆ ವರ್ಷ ವರ್ಗಾವಣೆ ಇಂದು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ನನ್ನ ಸಂಸಾರ ಉಳಿಯುತ್ತದೋ ಇಲ್ಲವೋ ಎನ್ನುವುದು ಅಲ್ಲಿಯವರೆಗೆ ನನ್ನ ಕೈಯಲ್ಲೇ ಇತ್ತು.

ಈ ನಡುವೆ ನನ್ನ ಗಂಡ ಊರಿಗೆ ದೊಡ್ಡವನಾಗಿಬಿಟ್ಟ. ಮಠದ ಕಾರ್ಯಕ್ರಮದಲ್ಲಿ ಅವನಿಗೆ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡಿದರು. ತಂಬಾಕು ಬಿಟ್ಟವರು ಬೇಕಾದಷ್ಟು ಸಿಗುತ್ತಾರೆ, ಫೋನು ಬಿಟ್ಟವನು ಇವನೊಬ್ಬನೇ ಎಂದು ಒಬ್ಬರು ಭಾಷಣ ಮಾಡಿದರು. ಆಮೇಲೆ ರಾಮದುರ್ಗದ ಆಚೆ ಸುರೇಬಾನದಿಂದಲೂ ಕರೆ ಬಂತು, ನಮ್ಮ ಹುಡುಗರಿಗೆ ಬಂದು ನಾಲ್ಕು ಮಾತು ಹೇಳಿ ಎಂದು. ಅವನು ಹೋದ. ಹೋಗದಿದ್ದರೆ ಯಾಕೆ ಎಂದು ಕೇಳುತ್ತಾರಲ್ಲ. ಗುಂಡಿ ಒತ್ತುವ ಸಣ್ಣ ಫೋನನ್ನು ಎತ್ತಿ ತೋರಿಸಿ, ನಾನೀಗ ಸುಖವಾಗಿದ್ದೇನೆ ಎಂದು ಹೇಳಿ ಬಂದ. ಮನೆಗೆ ಬಂದವನು ಆ ಶಾಲನ್ನು ಟ್ರಂಕಿನ ಅಡಿಗೆ ಹಾಕಿದ್ದನ್ನು ನೋಡಿದೆ, ಆದರೆ ಯಾಕೆಂದು ಹೊಳೆಯಲಿಲ್ಲ.

ಹೊಳೆಯಿಸಿದ್ದು ಅತ್ತೆ. ಅವರ ಬಳಿ ಭಜನೆ ಕೇಳಲೆಂದು ಕೊಡಿಸಿದ ಒಂದು ಟಚ್ ಫೋನು ಇತ್ತು.

"ಯವ್ವಾ, ನೀ ಸೈನ್ಸ್ ಕಲಿಸಾಕಿ, ಇದನ್ನೀಟ ನೋಡ. ಭಜನಿ ಹಚ್ಚಿದ್ರ ಅರೆಬರೆ ಅರಿವಿ ಹಾಕ್ಕೊಂಡ ಹುಡುಗ್ಯಾರು ಬರಾಕತ್ತಾರ. ಏನ ರೋಗ ಬಂದೈತೋ ಇದಕ್ಕ."

ಫೋನಿಗೆ ರೋಗವಿಲ್ಲ ಎಂದು ನನಗೆ ಗೊತ್ತಾಗಿತ್ತು. ಮಧ್ಯಾಹ್ನ ಊಟ ಮಾಡಿ ಅಂಗಡಿಗೆ ಹೋಗುವಾಗ, ಚಾರ್ಜ್ ಮಾಡಿಕೊಂಡು ಬರುತ್ತೇನೆ ಎಂದು ತಾಯಿಯ ಫೋನನ್ನು ಅವನು ಒಯ್ಯುತ್ತಿದ್ದ. ನಮ್ಮ ಮನೆಯಲ್ಲಿ ಕರೆಂಟು ಇಲ್ಲವೇ ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಅಡುಗೆಮನೆಯಲ್ಲಿ ಅವನನ್ನು ನಿಲ್ಲಿಸಿ, ಕಟಕೋಳಕ್ಕೆ ವರ್ಗ ಕೇಳುತ್ತೇನೆ ಎಂದೆ. ಅವನು ಗೋಡೆಗೆ ಆತು ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ.

"ಶಾಲ ಹೊಚ್ಚಿದ ಮ್ಯಾಲೆ ಯಾರ ಮುಂದ ಹೇಳ್ಲಿ? ನಿನ್ನ ಮುಂದೂ ಹೇಳಾಕ ಬರದಂಗಾತು" ಎಂದ. ಆಮೇಲೆ, "ಡಾಕ್ಟರ ಕಡೆ ಬರತೇನಿ. ಅಲ್ಲೀತನಕ ತಡಿ."

ತಡೆಯುತ್ತೇನೆ ಎಂದು ಬಾಯಲ್ಲಿ ಹೇಳಿದೆ. ಮರುದಿನವೇ ಅವನ ಕೀಲಿಯ ಅಚ್ಚನ್ನು ಸಾಬೂನಿನಲ್ಲಿ ಒತ್ತಿಕೊಂಡು ಹೋಗಿ, ಸವದತ್ತಿಯ ಬಸ್‌ಸ್ಟ್ಯಾಂಡಿನ ಹತ್ತಿರ ಕೀಲಿ ಮಾಡುವವನ ಬಳಿ ಅಂಗಡಿಯ ಹಿಂಬಾಗಿಲಿಗೆ ಇನ್ನೊಂದು ಕೀಲಿ ಮಾಡಿಸಿದೆ. ಅಂಗಡಿಯ ಹಿಂದೆ ಬೀಜದ ಚೀಲ ಇಡುವ ಒಂದು ಕತ್ತಲೆ ಖೋಲಿ ಇದೆ. ಹಿಂಬಾಗಿಲು ತೆರೆಯುವುದು ಅದಕ್ಕೇ. ಎಳೆದರೆ ತಾನೇ ಬೀಗ ಬೀಳುತ್ತದೆ, ಹೊರಗಿನಿಂದ ಕೀಲಿಯಿದ್ದರೆ ತೆರೆಯಬಹುದು. ಮಧ್ಯಾಹ್ನ ಮುಂದಿನ ಶಟರನ್ನು ಅರ್ಧ ಎಳೆದು ಅವನು ಕೂರುತ್ತಿದ್ದದ್ದು ಅಲ್ಲಿಯೇ. ಶನಿವಾರ ನನಗೆ ಮುಂಜಾನೆ ಶಾಲೆ, ಮಧ್ಯಾಹ್ನ ಬಿಡುವು. ಮೊದಲ ಶನಿವಾರ ಹೋದಾಗ ಹೊಸ ಕೀಲಿ ಬಿಗಿಯಾಗಿ ಕಿರ್ ಕಿರ್ ಎಂದು ಹಿಂದಿನ ಸಂದಿಗೆಲ್ಲ ಕೇಳಿಸಿತು. ಒಳಗೆ ಹೋಗುವಷ್ಟರಲ್ಲಿ ಅವನು ಎದ್ದು ನಿಂತಿದ್ದ. ಬಾಗಿಲು ತೆರೆದೇ ಇತ್ತು ಎಂದು ಸುಳ್ಳು ಹೇಳಿ, ತಂದಿದ್ದ ಮಂಡಕ್ಕಿ ಕೊಟ್ಟು ಬಂದೆ.

ಧಾರವಾಡದ ಆಸ್ಪತ್ರೆಯಲ್ಲಿ ಮೊದಲು ವೈದ್ಯರು ನೋಡಿದರು. ಆಮೇಲೆ ಮಾತಾಡಿಸುವ ಕೆಲಸ ಒಬ್ಬ ಮೇಡಂ ಪಾಲಿಗೆ ಬಂತು. ಬೈಯುತ್ತಾರೆ, ಇಲ್ಲವೇ ಧ್ಯಾನ ಮಾಡು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಏನು ನೋಡುತ್ತಿದ್ದಿರಿ ಎಂದು ಕೇಳಲೇ ಇಲ್ಲ. "ಕೈ ಫೋನಿಗೆ ಹೋಗೂಕಿಂತ ಸ್ವಲ್ಪ ಮೊದಲ ಏನಾಗಿರ್ತದ?" ಎಂದು ಕೇಳಿದರು. ಅವನಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡು ಬನ್ನಿ ಎಂದು ಕಳಿಸಿದರು.

ನನಗೆ ಆ ಪ್ರಶ್ನೆ ಹಿಡಿಸಿಬಿಟ್ಟಿತು. ಸಿಟ್ಟು ಇತ್ತು, ಆದರೆ ಸಿಟ್ಟಿನ ಪಕ್ಕದಲ್ಲೇ ಕುತೂಹಲವೂ ಬಂದು ಕುಳಿತಿತು. ಇಷ್ಟು ವರ್ಷ ಒಂದೇ ತಾಟಿನಲ್ಲಿ ಹಬ್ಬ ಉಂಡ ಮನುಷ್ಯನ ಮಧ್ಯಾಹ್ನಗಳ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಎದುರುಬದುರು ಕುಳಿತರೆ ಅವನ ಬಾಯಿ ಕಟ್ಟುತ್ತಿತ್ತು. ಬೈಕಿನ ಮೇಲೆ, ಬೆನ್ನು ನನ್ನ ಕಡೆ ಇದ್ದಾಗ, ಮಾತು ಬರುತ್ತಿತ್ತು. ಹಾಗಾಗಿ ಭಾನುವಾರಗಳು ಬೈಕಿನವಾದವು. ಸವದತ್ತಿ, ರಾಮದುರ್ಗ, ಎತ್ತ ದಾರಿ ಹೋದರೆ ಅತ್ತ. ಇಬ್ಬರಿಗೂ ವಯಸ್ಸಾದ ಮೇಲೆ ಪ್ರೀತಿ ಉಕ್ಕಿದೆ ಎಂದು ಓಣಿಯವರು ನಕ್ಕರು. ಹಿಂದೆ ಕುಳಿತವಳು ವಿಚಾರಣೆ ನಡೆಸುತ್ತಿದ್ದಾಳೆ ಎಂದು ಅವರಿಗೇನು ಗೊತ್ತು.

ಉತ್ತರಗಳು ಒಂದೊಂದಾಗಿ, ಹಿಂದುಮುಂದಾಗಿ ಬಂದವು. ನೋಡುವುದಕ್ಕಿಂತ ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು ಎಂದ ಒಂದು ದಿನ. "ಒಂದ ತಗೀತಿದ್ನಿ, ಇದಲ್ಲ ಅನಸ್ತಿತ್ತು, ಮತ್ತೊಂದ ತಗೀತಿದ್ನಿ. ಕಡೀಕ ಏನ ಹುಡಕಾಕತ್ತಿದ್ನಿ ಅಂತ ನನಗ ಗೊತ್ತಿರತಿದ್ದಿಲ್ಲ." ಅದರಲ್ಲಿ ಸುಖವಿತ್ತೇ ಎಂದು ಕೇಳಿದೆ. ಮೊದಮೊದಲು ಇತ್ತು, ಆಮೇಲೆ ತುರಿಕೆ ಕೆರೆದುಕೊಂಡಷ್ಟೇ ಎಂದ. ನನ್ನನ್ನು ಯಾಕೆ ಮುಟ್ಟಲಿಲ್ಲ ಎಂದು ಕೇಳುವುದಕ್ಕೆ ನನಗೆ ಬಹಳ ಭಾನುವಾರಗಳು ಬೇಕಾದವು.

"ಅದನ್ನ ನೋಡಿ ಬಂದ ಕೈಲೆ ನಿನ್ನ ಮುಟ್ಟಾಕ ನಾಚಿಕಿ ಬರತಿತ್ತು. ನಾಚಿಕಿ ಮರಿಯಾಕ ಮತ್ತ ಅದನ್ನ ನೋಡತಿದ್ನಿ."

ನಾನು ಅವನ ಬೆನ್ನಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಅವನಿಗೆ ಗೊತ್ತಾಗಿರಬೇಕು, ಗಾಡಿಯ ವೇಗ ಕಡಿಮೆಯಾಯಿತು.

ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತೊರಗಲ್ಲಿನಲ್ಲಿ. ಕೋಟೆಯ ಗೋಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದೆವು. ಆ ವಾರ ಒಬ್ಬ ರೈತ ಅಂಗಡಿಗೆ ಬಂದು, ಮೊಳೆಯದ ಬೀಜವನ್ನು ಮಣ್ಣಿನ ಸಮೇತ ಗಲ್ಲಾಪೆಟ್ಟಿಗೆಯ ಮೇಲೆ ಸುರುವಿ, ಎಲ್ಲರೆದುರು ಬೈದು ಹೋಗಿದ್ದ. ಬೀಜ ಮಾಡಿದವರು ಯಾರೋ, ಬೈಗುಳ ತಿಂದವನು ಇವನು. ಆ ಮಧ್ಯಾಹ್ನ ಫೋನು ಬೇಕೇಬೇಕು ಎನಿಸಿತಂತೆ. ರೊಟ್ಟಿ ಮುರಿಯುತ್ತ ಹೇಳಿದ, ಅವನ ಅಪ್ಪ ಬದುಕಿದ್ದಾಗ ಗಿರಾಕಿಗಳ ಎದುರಿಗೇ ಅವನನ್ನು ದಡ್ಡ, ಹೆಡ್ಡ ಎಂದು ಹೀಗಳೆಯುತ್ತಿದ್ದರಂತೆ. ಆಗ ಹೋಗಿ ಕೂರುತ್ತಿದ್ದದ್ದು ಅದೇ ಚೀಲದ ಖೋಲಿಯಲ್ಲಿ.

"ಅವಾಗ ಫೋನ್ ಎಲ್ಲಿದ್ವು?" ಎಂದೆ.

ಅವನು ಅಗಿಯುವುದನ್ನು ನಿಲ್ಲಿಸಿದ. ಫೋನು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅವನು ಆ ಖೋಲಿ ಸೇರಿದ್ದ. ಜೋಳಿಗೆಗೆ ಬಿದ್ದದ್ದು ಚಟದ ಚಿಪ್ಪು ಮಾತ್ರ ಎಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ನಾನು ಇಷ್ಟು ದಿನ ಆ ಫೋನಿನೊಳಗಿನ ಹೆಂಗಸರ ಜೊತೆ ಪೈಪೋಟಿಗೆ ಬಿದ್ದಿದ್ದೆ. ಅವನು ಹೋಗುತ್ತಿದ್ದದ್ದು ಅವರ ಬಳಿಗಲ್ಲ, ಅಡಗಿಕೊಳ್ಳಲು.

ಇದರಿಂದ ಎಲ್ಲವೂ ಸರಿಹೋಯಿತು ಎಂದಲ್ಲ. ಅವನು ಮತ್ತೆ ಒಮ್ಮೆ ಜಾರಿದ. ಆದರೆ ಆ ಸಲ ಸಂಜೆ ಮನೆಗೆ ಬಂದವನೇ ಚಪ್ಪಲಿ ಬಿಡುವ ಮುಂಚೆ ನನಗೆ ಹೇಳಿದ. ನನಗೆ ಕೋಪ ಬಂತು, ಕೋಪದಲ್ಲೇ ಚಹಾ ಮಾಡಿಕೊಟ್ಟೆ. ಮಧ್ಯಾಹ್ನ ಶಟರನ್ನು ಪೂರ್ತಿ ತೆರೆದಿಡಲು ಶುರು ಮಾಡಿದ. ಪಕ್ಕದ ಅಂಗಡಿಯ ದರ್ಜಿ ಸಾಹೇಬರಿಗೆ, ಒಬ್ಬನೇ ಕೂರಲು ಬೇಸರವಾಗುತ್ತದೆ, ಆ ಹೊತ್ತಿಗೆ ಚಹಾಕ್ಕೆ ಬನ್ನಿ ಎಂದು ಬಾಯಿಬಿಟ್ಟು ಕೇಳಿದ. ಬೇಸರವಾಗುತ್ತದೆ ಎಂದು ಅವನು ಇನ್ನೊಬ್ಬ ಗಂಡಸಿಗೆ ಹೇಳಿದ್ದು ಅದೇ ಮೊದಲಿರಬೇಕು. ಮನೆಯಲ್ಲಿ ನಾವಿಬ್ಬರೂ ಅವಸರ ಮಾಡಲಿಲ್ಲ, ಮೇಡಂ ಹಾಗೇ ಹೇಳಿದ್ದರು. ಒಂದು ಸಂಜೆ ಟಿವಿ ನೋಡುತ್ತ ಅವನು ನನ್ನ ಕೈ ಹಿಡಿದು ಹಾಗೆಯೇ ಕುಳಿತ. ಅತ್ತೆ ಒಳಗೆ ಬಂದರೂ ಬಿಡಲಿಲ್ಲ. ಹೊಸ ಮದುವಣಗಿತ್ತಿಯಂತೆ ನಾನೇ ನಾಚಿಕೊಂಡು ಎದ್ದುಹೋದೆ.

ಆದರೂ ಶನಿವಾರ ಬಂದರೆ ನನ್ನ ಕಾಲುಗಳು ಹಿಂಬಾಗಿಲಿಗೆ ಹೋಗುತ್ತಿದ್ದವು. ಮುಂದೆ ಶಟರು ಪೂರ್ತಿ ತೆರೆದಿರುತ್ತಿತ್ತು, ಮಾರ್ಕೆಟ್ಟಿನವರೆಲ್ಲ ಅವನನ್ನು ನೋಡುತ್ತಿದ್ದರು, ನಾನು ಮಾತ್ರ ಹಿಂದಿನ ಸಂದಿಯಿಂದ ಕಳ್ಳಿಯಂತೆ ಹೋಗುತ್ತಿದ್ದೆ. ಕೀಲಿ ಈಗ ಬಿಗಿಯಾಗಿರಲಿಲ್ಲ. ಸವೆದು ಹೊಂದಿಕೊಂಡಿದೆ ಎಂದುಕೊಂಡೆ, ಸದ್ದಿಲ್ಲದೆ ತಿರುಗುತ್ತಿತ್ತು. ಒಳಗೆ ಹೋದರೆ ಅವನು ಚೀಲ ಎತ್ತಿಡುತ್ತಿರುತ್ತಿದ್ದ, ಇಲ್ಲವೇ ಮುಂದೆ ಸಾಹೇಬರ ಜೊತೆ ಚಹಾ ಕುಡಿಯುತ್ತಿರುತ್ತಿದ್ದ. ನನ್ನೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದಾಗ ಮೇಡಂ ಕೇಳಿದರು, "ಆ ಬಾಗಲಾ ತಗದಾಗ ಒಳಗ ಏನ ಸಿಗಬೇಕಂತ ನಿಮಗ ಇರ್ತದ?" ಏನೂ ಸಿಗದ ದಿನ ನನಗೆ ಸಮಾಧಾನದ ಜೊತೆ ಸಣ್ಣ ನಿರಾಸೆಯೂ ಆಗುತ್ತಿತ್ತು. ಅದನ್ನು ಹೇಳುವುದು ಹೇಗೆ?

ಮತ್ತೆ ಶ್ರಾವಣ ಬಂತು. ಅದೇ ವಾರ ವರ್ಗಾವಣೆಗೂ ಅರ್ಜಿ ಕರೆದರು. ಕಟಕೋಳದ ಹತ್ತಿರ ಜಾಗ ಖಾಲಿ ಇತ್ತು. ಅವನಿಗೆ ಹೇಳಿದೆ, ಅವನು ತಲೆ ಆಡಿಸಿದ, ಹೋಗಬೇಡ ಎನ್ನಲಿಲ್ಲ.

ಸ್ವಾಮಿಗಳು ಓಣಿಗೆ ಬಂದಾಗ ನಮ್ಮ ಮನೆಯ ಮುಂದೆ ಜನ ಹೆಚ್ಚು ಸೇರಿದ್ದರು. ಹೋದ ವರ್ಷ ಫೋನು ಹಾಕಿದವನು ಈ ವರ್ಷ ಏನು ಹಾಕುತ್ತಾನೆ ನೋಡೋಣ ಎಂದು. ನನ್ನ ಗಂಡ ಬರಿಗೈಯಲ್ಲಿ ಮುಂದೆ ಬಂದ. ದನಿ ಸಣ್ಣಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು.

"ಹ್ವಾದ ವರ್ಷ ನಾ ಹಾಕಿದ್ದು ಬರೇ ಫೋನ್ ರಿ, ಅಜ್ಜಾರ. ಚಟಾ ನನ್ನ ಹಂತೇಕನ ಉಳೀತು. ಆ ಶಾಲ ಹೊಚಗೊಳ್ಳೂವಂಗ ನಾ ಇದ್ದಿಲ್ಲ. ಈಗ ಬಿಡಾಕತ್ತೇನಿ. ಪೂರಾ ಬಿಟ್ಟೇನಿ ಅಂತ ಇನ್ನೂ ಹೇಳಾಕ ಬರೂದಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅತ್ತೆ ಮಾತ್ರ ಕಟ್ಟೆಯಿಂದ ಇಳಿದು ಬಂದರು. "ಇನ್ನೂ ರಮ್ಮಿ ಆಡತೀಯೇನೊ?"

"ಇಲ್ಲವ್ವಾ. ರಮ್ಮಿ ನನಗ ಆಡಾಕೂ ಬರೂದಿಲ್ಲ."

ಜನ ನಕ್ಕರು, ಅವನೂ ನಕ್ಕ. ಸ್ವಾಮಿಗಳು ಅವನ ಹೆಗಲ ಮೇಲೆ ಕೈಯಿಟ್ಟು, "ಆತಪಾ. ಬರೇ ಕೈಲೆ ಬಂದ್ರೂ ನಡೀತೈತಿ. ಮುಂದಿನ ಸಲ ಮತ್ತ ಬರತೇನಿ" ಎಂದು ಜೋಳಿಗೆ ಮುಚ್ಚಿಕೊಳ್ಳುತ್ತಿದ್ದರು. ಊರ ಮುಂದೆ ಅಷ್ಟು ಹೇಳಿದವನ ಹಿಂಬಾಗಿಲನ್ನು ನಾನು ಇನ್ನೂ ಕದ್ದು ತೆರೆಯುವುದೇ ಎಂದು ನನಗೆ ನಾಚಿಕೆಯಾಯಿತು. ಒಳಗೆ ಹೋಗಿ ಪರ್ಸಿನಿಂದ ಆ ಕೀಲಿ ತಂದು ಜೋಳಿಗೆಗೆ ಹಾಕಿದೆ.

"ಇದೇನ, ತಂಗಿ?"

"ನನ್ನದೂ ಒಂದ ಚಟಾ ರಿ."

ಅವರು ನಕ್ಕು ಜೋಳಿಗೆ ಮುಚ್ಚಿಕೊಂಡರು. ನನ್ನ ಗಂಡ ಕೀಲಿ ನೋಡಿದ, ನನ್ನನ್ನು ನೋಡಿದ. ಬಾಗಿಲು ತೆರೆದೇ ಇತ್ತು ಎಂದು ನಾನು ಹೇಳುತ್ತ ಬಂದ ಸುಳ್ಳು ಬಯಲಾಯಿತಲ್ಲ, ಏನೆನ್ನುತ್ತಾನೋ ಎಂದುಕೊಂಡೆ. ಜನ ಮುಂದಿನ ಮನೆಗೆ ಸರಿದ ಮೇಲೆ ಪಡಸಾಲೆಯಲ್ಲಿ ನೀರು ಕುಡಿಯುತ್ತ ಮೆಲ್ಲಗೆ ಹೇಳಿದ.

"ಆ ಕೀಲಿ ಮೊದಲ ಬಾಳ ಬಿಗಿ ಇತ್ತು. ನಾನ ಬೀಗಕ್ಕ ಎಣ್ಣಿ ಬಿಟ್ಟಿದ್ನಿ."

"ಯಾವಾಗ?"

"ನೀ ಮೊದಲ್ನೇ ಸಲ ಬಂದ್ಯಲ್ಲ, ಅದರ ಮರುದಿನ. ಕಿರ್ ಅಂತ ಸಪ್ಪಳಾದ್ರ ನಾ ಹುಷಾರ ಆಗಿಬಿಡತಿದ್ನಿ. ಹುಷಾರ ಆಗಬಾರದು ಅಂತ ಎಣ್ಣಿ ಬಿಟ್ಟೆ."

ನನಗೆ ಕೇಳಲು ಏನೂ ಉಳಿದಿರಲಿಲ್ಲ. ಆ ವಾರ ವರ್ಗಾವಣೆಗೆ ಅರ್ಜಿ ಕೊಡುವ ಅವಧಿ ಮುಗಿಯಿತು. ನಾನು ಈಗಲೂ ಸವದತ್ತಿಯ ಬಸ್ಸನ್ನೇ ಹತ್ತುತ್ತೇನೆ. ಶನಿವಾರ ಮಧ್ಯಾಹ್ನ ಅಂಗಡಿಗೆ ಹೋದರೆ ಮುಂಬಾಗಿಲಿನಿಂದ ಹೋಗುತ್ತೇನೆ.